ಜಗಳ ಬಾಕಿ ಇಟ್ಟು ಮಲಗು

ಬೆರ್ರಿನ್,

‘ಪ್ರೀತಿಯ’ ಎಂದು ಮೊದಲು ಬರೆದೆ. ಆಮೇಲೆ ಆ ಹಾಳೆಯನ್ನು ಹರಿದು ಬೇರೆ ಹಾಳೆ ತೆಗೆದುಕೊಂಡೆ. ಸದ್ಯಕ್ಕೆ ಬರಿ ಹೆಸರು ಸಾಕು.

ನಿನ್ನೆ ನಿನ್ನ ಫೋನ್ ಇಟ್ಟ ಮೇಲೆ ನನಗೆ ಕೆಲಸ ಹತ್ತಲಿಲ್ಲ. ಯಾರದೋ ಮೇಲ್ದವಡೆಯ ಹಲ್ಲಿನ ಸೆಟ್ಟನ್ನು ಅರ್ಧಕ್ಕೆ ಬಿಟ್ಟು ಕೂತಿದ್ದೇನೆ. ಆ ಮನುಷ್ಯ ನಾಳೆ ಬಂದು ಬೊಚ್ಚುಬಾಯಲ್ಲೇ ನನ್ನನ್ನು ಬೈಯುತ್ತಾನೆ, ಬೈಯಲಿ. ಗುರುವಾರದ ಆಪರೇಷನ್ನನ್ನು ನೀನು ಮತ್ತೆ ಮುಂದಕ್ಕೆ ಹಾಕಬೇಕೆಂದಿದ್ದೀಯಲ್ಲ, ಅದರ ಮುಂದೆ ಅವನ ಹಲ್ಲು ಯಾವ ಲೆಕ್ಕ? ಡಾಕ್ಟರು ಹೇಳಿದಾಗ ನಾನೂ ಪಕ್ಕದಲ್ಲೇ ಕೂತಿದ್ದೆ. ಹೃದಯದ ಕವಾಟ ಕೆಟ್ಟಿದೆ, ಬದಲಾಯಿಸಬೇಕು, ಇನ್ನು ಕಾಯುವ ಹಾಗಿಲ್ಲ. ಕಾದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅವರು ನಿನ್ನ ಮುಖ ನೋಡದೆ ನನ್ನ ಮುಖ ನೋಡಿ ಉತ್ತರ ಕೊಟ್ಟರು. ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ನೀನು ಈಗ ನಡುನಡುವೆ ನಿಂತು, ಕೆಳಗಿನ ಮನೆಯವರ ಹೂವಿನ ಕುಂಡ ನೋಡುವವಳ ಹಾಗೆ ನಟಿಸುತ್ತೀಯ. ಆ ಕುಂಡದಲ್ಲಿ ಗಿಡ ಸತ್ತು ಎಷ್ಟೋ ಕಾಲವಾಯಿತು.

ಮೊದಲ ಸಲ ಮುಂದೂಡಿದಾಗ ನಾನೇನೂ ಅನ್ನಲಿಲ್ಲ. ಎದುರುಮನೆಯ ಹಾಜೆರ್ ಚಿಕ್ಕಮ್ಮನಿಗೆ ನಿನ್ನ ಕಾಫಿ ಬಟ್ಟಲಿನ ಗಸಿಯಲ್ಲಿ ಭವಿಷ್ಯ ನೋಡುವಾಗ ಮುಚ್ಚಿದ ದಾರಿ ಕಂಡಿತಂತೆ. ಎರಡನೇ ಸಲ ಮಂಗಳವಾರ ಬಂತು. ಮಂಗಳವಾರ ಶುರು ಮಾಡಿದ ಕೆಲಸ ಅಲ್ಲಾಡುತ್ತದೆ ಎಂದೆ ನೀನು. ನೀನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಮಂಗಳವಾರ ಯಾವತ್ತೂ ಹೊಸ ಪಾಠ ಶುರು ಮಾಡಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ‘ಅದು ಸರ್ಕಾರದ ಮಂಗಳವಾರ ಕಣೇ, ಇದು ನಂದು’ ಎಂದೆ. ನಾನು ನಕ್ಕುಬಿಟ್ಟೆ.

ನಿನ್ನೆ ನೀನು ನಿಜ ಹೇಳಿದೆ.

‘ಹೃದಯ ನಿಲ್ಲಿಸ್ತಾರಂತೆ ತಿಜೆನ್. ಪೂರ್ತಿ ನಿಲ್ಲಿಸಿ, ರಕ್ತ ಎಲ್ಲಾ ಒಂದು ಯಂತ್ರದ ಕೈಗೆ ಕೊಡ್ತಾರಂತೆ. ಆಮೇಲೆ ಎಬ್ಬಿಸ್ತಾರೆ, ಸರಿ. ಎದ್ದೋಳು ನಾನೇ ಅಂತ ಯಾರು ಹೇಳ್ತಾರೆ?’

ನಾನು ನಗಲು ಹೋದೆ. ‘ನಗ್ಬೇಡ. ಆಟ ನಡೆಸೋಳು ನೀನು. ಇಷ್ಟು ವರ್ಷ ಕೇಳಿದಾಗೆಲ್ಲ ಬಾಯಿ ಮುಚ್ಕೊಂಡು ಕೂತೆ. ಈಗ ಹೇಳು. ಬದಲಿ ನಿಜಾನೋ ಸುಳ್ಳೋ? ನೀನು ಹೇಳಿದ್ ಹಾಗೆ ಮಾಡ್ತೀನಿ.’

ಅಯ್ಯೋ ದೇವರೇ ಎಂದುಕೊಂಡೆ. ಇಪ್ಪತ್ತು ಚಿಲ್ಲರೆ ವರ್ಷದಿಂದ ಆ ತೀರ್ಪನ್ನು ನಾನು ಯಾರಿಗೂ ಕೊಟ್ಟಿಲ್ಲ. ಅದು ಫೋನಿನಲ್ಲಿ ಕೊಡುವಂಥದ್ದೂ ಅಲ್ಲ. ಅದಕ್ಕೇ ಈ ಕಾಗದ. ಸುಫಿ ಅಣ್ಣ ಇವತ್ತು ಅಂಚೆ ಕಚೇರಿಯಿಂದ ಮನೆಗೆ ಹೋಗುವಾಗ ನಿನ್ನ ಬಾಗಿಲಿಗೆ ತಂದು ಕೊಡುತ್ತಾನೆ. ಕೂತು ಓದು, ಮೆಟ್ಟಿಲ ಮೇಲೆ ನಿಂತು ಓದಬೇಡ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನೀನು ಈಗ ಮೊದಲನ್ನು ಮರೆತಿದ್ದೀಯ.

ನಮ್ಮ ಆಟ ಏನೆಂದು ನಿನ್ನ ಅಮ್ಮನಷ್ಟು ಚೆನ್ನಾಗಿ ಯಾರೂ ವಿವರಿಸಲಿಲ್ಲ. ನಾವು ಕಿಝಿಲಾಯ್ ಪೇಟೆಯ ಆ ಮಹಡಿಯ ಟೀ ಅಂಗಡಿಯಲ್ಲಿ ಶನಿವಾರ ಮಧ್ಯಾಹ್ನವೆಲ್ಲ ಕಳೆಯುತ್ತಿದ್ದ ಕಾಲ. ಅವರು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು: ‘ಏನಿಲ್ಲ ಕಣಮ್ಮಾ, ಮೇಜಿನ ಸುತ್ತ ಕೂತ್ಕೊಂಡು ಆಕಾಶದಲ್ಲಿ ಹಡಗು ಓಡಿಸ್ತಾವೆ. ಹಡಗೂ ಇಲ್ಲ, ಮಣ್ಣೂ ಇಲ್ಲ. ಆ ತಿಜೆನ್ ಕಥೆ ಕಟ್ಟಿ, ಈಗೇನ್ಮಾಡ್ತೀರಿ ಅಂತ ಕೇಳ್ತಾಳೆ. ಇವು ನಾನು ಬಾಗ್ಲು ತೆಗೀತೀನಿ, ನಾನು ಓಡ್ತೀನಿ ಅಂತಾವೆ. ಆಮೇಲೆ ದಾಳ ಹಾಕ್ತಾವೆ. ದಾಳ ಸರಿಯಾಗಿ ಬಿದ್ರೆ ಬದುಕಿದ್ರು, ಇಲ್ದಿದ್ರೆ ಸತ್ರು. ಸತ್ತೋರೂ ಆಮೇಲೆ ಟೀ ಕುಡೀತಾರೆ.’ ಇದೇ ವಿಷಯ ಹೇಳುವುದಕ್ಕೆ ನಿಯಮದ ಪುಸ್ತಕಕ್ಕೆ ಒಂದು ಇಡೀ ಅಧ್ಯಾಯ ಬೇಕಾಗಿತ್ತು.

ಆ ಪುಸ್ತಕವನ್ನು ಸುಫಿ ಅಣ್ಣನ ಭಾವ ಜರ್ಮನಿಯಿಂದ ತಂದಿದ್ದ. ಶುದ್ಧ ವಿಜ್ಞಾನದ ಆಟ. ದೆವ್ವ ಇಲ್ಲ, ಮಾಟ ಇಲ್ಲ, ಮಂತ್ರದ ಕೋಲು ಇಲ್ಲ. ಇಂಧನ ಇಷ್ಟು, ಗಾಳಿ ಇಷ್ಟು, ನೀರು ಇಷ್ಟು, ಅವು ಮುಗಿದರೆ ನೀನೂ ಮುಗಿದೆ. ನನಗೆ ಅದು ಹಿಡಿಸಿದ್ದೇ ಅದಕ್ಕೆ. ನಮ್ಮ ಮನೆಯಲ್ಲಿ ಅಜ್ಜಿ ಬೆಳಗಾದರೆ ದೃಷ್ಟಿ ತೆಗೆಯುತ್ತಿದ್ದಳು, ಸಂಜೆಯಾದರೆ ಕರಗಿಸಿದ ಸೀಸವನ್ನು ತಲೆಯ ಮೇಲೆ ಹಿಡಿದ ನೀರಿಗೆ ಸುರಿಯುತ್ತಿದ್ದಳು. ಅದರಿಂದ ತಪ್ಪಿಸಿಕೊಂಡು ಒಂದು ಮಧ್ಯಾಹ್ನವಾದರೂ ಲೆಕ್ಕ ಸರಿಹೋಗುವ ಕಡೆ ಇರೋಣವೆಂದು ನಾನು ಆಟ ನಡೆಸುವವಳಾದೆ.

ಎಲ್ಲಿಯ ಶುದ್ಧ? ನಮ್ಮ ‘ಲೋದೋಸ್’ ಹಡಗು ಬಂದರು ಬಿಡುವ ಮೊದಲೇ ಸುಫಿ ಅಣ್ಣ ಅದರ ಬಾಗಿಲಿಗೆ ನೀಲಿ ಮಣಿ ಕಟ್ಟಿದ. ಮಣಿಯ ತೂಕ ಎಷ್ಟು, ಸರಕಿನ ತೂಕಕ್ಕೆ ಸೇರಿಸಬೇಕು ಎಂದೆ ನಾನು. ‘ದೃಷ್ಟಿ ಮಣಿಗೂ ತೂಕ ಹಾಕ್ತೀಯಲ್ಲೇ, ನಿಂಗೆ ಮದ್ವೆ ಹೆಂಗೇ ಆಗುತ್ತೆ?’ ಎಂದ. ಆಗಲಿಲ್ಲ, ಅದು ಬೇರೆ ವಿಷಯ. ಆಮೇಲೆ ನಮ್ಮಲ್ಲಿ ಚಿಕ್ಕವನಾದ ನೆಜಾತ್ ಬಾಯಿ ತಪ್ಪಿ ‘ಎಂಜಿನ್ ನಿಂತ್ರೆ’ ಎಂದ. ಅಪಶಕುನ ಕಳೆಯಲೆಂದು ಮೂವರೂ ಕಿವಿ ಎಳೆದುಕೊಂಡು ಮರ ಕುಟ್ಟಲು ಹೊರಟಿರಿ. ಹಡಗಿನಲ್ಲಿ ಮರ ಎಲ್ಲಿದೆ, ಎಲ್ಲಾ ಲೋಹ, ಪ್ಲಾಸ್ಟಿಕ್ಕು ಎಂದು ನಾನು ಗೆದ್ದೆನೆಂದುಕೊಂಡೆ. ನೀನು ತಣ್ಣಗೆ ಪೆನ್ಸಿಲ್ ತೆಗೆದು ನಿನ್ನ ಪಾತ್ರವಾದ ಪೈಲಟ್ ಜುಹ್ರೆಯ ಸಾಮಾನಿನ ಪಟ್ಟಿಯಲ್ಲಿ ‘ಮರದ ಚಮಚ’ ಎಂದು ಬರೆದುಕೊಂಡೆ. ಒಂದು ವರ್ಷ ಕಳೆಯುವಷ್ಟರಲ್ಲಿ ಆ ಆಕಾಶದ ಹಡಗುಗಳಲ್ಲೆಲ್ಲ ಪೈಲಟ್ಟಿನ ಪಕ್ಕ ಒಂದು ಮರದ ಚಮಚ ನೇತಾಡತೊಡಗಿತು. ಬಂದರುಗಳಲ್ಲಿ ಕಳ್ಳ ಚಮಚ ಮಾರುವವರೂ ಹುಟ್ಟಿಕೊಂಡರು. ನಾನೇ ಹುಟ್ಟಿಸಿದೆ, ಏನು ಮಾಡಲಿ, ಮೂವರ ಎದುರು ಒಬ್ಬಳು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಶಾಸ್ತ್ರ ಮಾಡಿದರೆ ಭಯದ ದಾಳಕ್ಕೆ ಸಹಾಯ, ಯಂತ್ರದ ದಾಳಕ್ಕೆ ಇಲ್ಲ. ಚಮಚ ಕುಟ್ಟಿದವಳ ಕೈ ನಡುಗುವುದಿಲ್ಲ, ಅಷ್ಟು ನಾನು ಒಪ್ಪುತ್ತೇನೆ. ಆದರೆ ಕೆಟ್ಟ ಪಂಪು ಕೆಟ್ಟ ಪಂಪೇ. ಇದು ತಲೆಗೆ ಹೋಗದೆ ಸುಫಿ ಅಣ್ಣ ಒಂದು ಸಲ ಚಮಚ ಕುಟ್ಟಿ, ಪಂಪನ್ನು ನೋಡದೆ, ಗಾಳಿಯಿಲ್ಲದ ಕೋಣೆಗೆ ನಡೆದುಹೋದ. ‘ಕುಟ್ಟಿದ್ನಲ್ಲ!’ ಎಂದು ಟೀ ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ. ‘ಪಂಪಿಗೆ ಕಿವಿ ಇದೆಯಾ ಅಣ್ಣಾ?’ ಎಂದು ನೀನೇ ಕೇಳಿದ್ದು. ಹೊಚ್ಚ ಹೊಸ ಪಾತ್ರ, ಎರಡನೇ ವಾರಕ್ಕೇ ಸತ್ತಿತು. ಆ ದಿನದ ಟೀ ಯಾರಿಗೂ ರುಚಿಸಲಿಲ್ಲ.

ಬೆರ್ರಿನ್, ಪಂಪು ನೋಡದೆ ಚಮಚ ಕುಟ್ಟುತ್ತಿರುವವಳು ಈಗ ಯಾರು ಎಂದು ನಾನು ಕೇಳಬಹುದು. ಕೇಳುವುದಿಲ್ಲ. ನಿನ್ನ ಭಯ ಕಾಫಿ ಬಟ್ಟಲಿನದಲ್ಲ, ಬದಲಿಯದು. ಅದಕ್ಕೆ ಬರುತ್ತೇನೆ.

ಪುಸ್ತಕ ವಾಪಸ್ ಕೊಡಬೇಕಾಗಿತ್ತಲ್ಲ, ಅದಕ್ಕೆ ಜೆರಾಕ್ಸ್ ಮಾಡಿಸಿದ್ದೆವು. ಅಂಗಡಿಯವನು ಎರಡು ಹಾಳೆ ಒಟ್ಟಿಗೆ ಮಗುಚಿ ಒಂದು ಕಡೆ ಪುಟ ಹಾರಿಸಿದ್ದ. ದೂರದ ಪ್ರಯಾಣಕ್ಕೆ ಹೋಗುವವರನ್ನು ತಣ್ಣನೆಯ ಪೆಟ್ಟಿಗೆಯಲ್ಲಿ, ಹೃದಯ ನಿಲ್ಲಿಸಿ, ವರ್ಷಗಟ್ಟಲೆ ಮಲಗಿಸುವ ನಿಯಮ ಅದು. ಮಲಗಿಸುವ ಪುಟ ಇತ್ತು, ಎಬ್ಬಿಸುವ ಪುಟ ಇರಲಿಲ್ಲ. ಅದು ನನಗೆ ಗೊತ್ತಾದದ್ದು ನೆಜಾತ್ ತನ್ನ ವ್ಯಾಪಾರಿಯನ್ನು ಮಲಗಿಸಿ, ‘ಈಗ ಏಳ್ತೀನಿ, ಏನಾಗುತ್ತೆ?’ ಎಂದು ಕೇಳಿದಾಗ. ಪುಟ ತಿರುವುತ್ತೇನೆ, ಇಲ್ಲ. ಮೂವರೂ ನನ್ನ ಬಾಯಿ ನೋಡುತ್ತಿದ್ದೀರಿ. ಟೀ ಬರುವವರೆಗೆ ಹೇಗಾದರೂ ಕಾಲ ತಳ್ಳಬೇಕೆಂದು, ಬಂದರಿನಲ್ಲಿ ಹಗ್ಗ ಸುತ್ತುವ ಒಬ್ಬ ಮುದುಕಿಯನ್ನು ತಂದು ಅವಳ ಬಾಯಲ್ಲಿ ಹೇಳಿಸಿದೆ: ‘ಎದ್ದೋರೆಲ್ಲ ಮಲಗಿದ್ದೋರೇ ಅಂದ್ಕೊಂಡಿದ್ದೀರಾ ಮಕ್ಕಳಾ?’

ಟೀ ಬಂತು. ಯಾರೂ ಮುಟ್ಟಲಿಲ್ಲ. ಬದಲಿ ಹುಟ್ಟಿದ್ದು ಹಾಗೆ. ನಿದ್ದೆಯಲ್ಲಿ ಏನೋ ಬಂದು ಮಲಗಿದವನ ಜಾಗದಲ್ಲಿ ಕೂರುತ್ತದೆ, ಅದೇ ಮುಖ, ಅದೇ ದನಿ, ಅದೇ ನೆನಪು, ಆದರೆ ಅವನಲ್ಲ. ನಾನು ಹೇಳಿದ್ದು ಆ ಮುದುಕಿಯ ಒಂದು ಸಾಲು. ಮಿಕ್ಕದ್ದೆಲ್ಲ ನೀವು ಕಟ್ಟಿದ್ದು. ಬದಲಿಯನ್ನು ಗುರುತಿಸುವುದು ಹೇಗೆ ಎಂದು ವಾರಗಟ್ಟಲೆ ಚರ್ಚೆ. ಅದು ಬಿಸಿ ಟೀ ಕುಡಿಯುವುದಿಲ್ಲ ಎಂದ ನೆಜಾತ್. ಅದಕ್ಕೆ ಗೊರಕೆ ಬರುವುದಿಲ್ಲ ಎಂದ ಸುಫಿ ಅಣ್ಣ, ಅವನಿಗೆ ಗೊರಕೆಯೇ ಮನುಷ್ಯತ್ವದ ಲಕ್ಷಣ. ನೀನು ಸೂರ್ಯಕಾಂತಿ ಬೀಜ ಬಿಡಿಸುತ್ತಾ, ‘ಅದು ತುಂಬಾ ಮರ್ಯಾದೆಯಿಂದ ಮಾತಾಡುತ್ತೆ’ ಎಂದೆ. ಆ ಮಾತೇ ನಿಂತಿತು.

ಮರ್ಯಾದೆಯಿಂದ ಮಾತಾಡುವುದೇ ಗುರುತು ಎಂದಾದ ಮೇಲೆ ಪರೀಕ್ಷೆಯ ದಾರಿಯೂ ಹೊಳೆಯಿತು. ಪೆಟ್ಟಿಗೆಗೆ ಇಳಿಯುವ ಮೊದಲು ಯಾರೊಂದಿಗೂ ರಾಜಿಯಾಗಬಾರದು. ಒಂದು ಜಗಳ ಎಬ್ಬಿಸಿ, ಅರ್ಧಕ್ಕೆ ಬಿಟ್ಟು, ಮುಖ ಊದಿಸಿಕೊಂಡೇ ಮಲಗಬೇಕು. ಎದ್ದವನು ಕಣ್ಣು ಬಿಟ್ಟ ಕೂಡಲೇ ಅದೇ ಜಗಳವನ್ನು ಅಲ್ಲಿಂದಲೇ ಎತ್ತಿಕೊಂಡರೆ ಅವನೇ. ‘ಹೋಗಲಿ ಬಿಡಿ’ ಎಂದರೆ ಬದಲಿ. ನಮ್ಮ ಆಟ ನೋಡಲು ಬಂದ ಬೇರೆ ಮೇಜಿನವರು, ಇವರು ಯಾಕೆ ಹೀಗೆ ಪ್ರಯಾಣಕ್ಕೆ ಮುಂಚೆ ನಾಯಿ ಬೆಕ್ಕಿನ ಹಾಗೆ ಕಚ್ಚಾಡುತ್ತಾರೆ ಎಂದು ಬೆರಗಾಗುತ್ತಿದ್ದರು. ಪಾತ್ರಗಳ ಹೆಸರಿನಲ್ಲಿ ನಾವು ಎಷ್ಟು ನಿಜವಾದ ಜಗಳ ಆಡಿಕೊಂಡೆವು! ಸುಫಿ ಅಣ್ಣನ ಹೆಂಡತಿಗೆ ಆಮೇಲೂ ಗೊತ್ತಾಗಲಿಲ್ಲ, ಗಂಡ ಶನಿವಾರ ಸಂಜೆ ಅಷ್ಟು ಹಗುರಾಗಿ ಮನೆಗೆ ಬರುವುದು ಯಾಕೆ ಎಂದು.

ನೀನು ಮಾತ್ರ ಮಲಗಲಿಲ್ಲ. ನಿನ್ನ ಜುಹ್ರೆ ಒಂದು ಸಲವೂ ಪೆಟ್ಟಿಗೆಗೆ ಇಳಿಯಲಿಲ್ಲ. ಎಲ್ಲರೂ ಮಲಗಿದ ಹಡಗಿನಲ್ಲಿ ಅವಳೊಬ್ಬಳೇ ಎಚ್ಚರ, ಪ್ರಯಾಣಕ್ಕೆ ಪ್ರಯಾಣ ವಯಸ್ಸಾಗುತ್ತಾ ಹೋದಳು. ನಿಯಮದ ಪ್ರಕಾರ ಕಣ್ಣು ಮಂದವಾಯಿತು, ಕೈ ನಿಧಾನವಾಯಿತು, ದಾಳಕ್ಕೆ ಕಡಿತ ಬಿತ್ತು. ಒಂದೇ ಒಂದು ಸಲ ಮಲಗಿಸೇ ಎಂದು ನಾನು ಗೋಗರೆದೆ. ‘ಯಾರಾದ್ರೂ ಒಬ್ರು ಎಚ್ಚರ ಇರ್ಬೇಕಲ್ಲ’ ಎಂದೆ ನೀನು. ನಾವದನ್ನು ದೊಡ್ಡತನ ಎಂದುಕೊಂಡೆವು, ನೀನು ತೂಕಡಿಸಿದಾಗಲೂ ‘ಜುಹ್ರೆ ಎಚ್ಚರ ಇದ್ದಾಳೆ’ ಎಂದು ತಮಾಷೆ ಮಾಡಿದೆವು. ಅದು ದೊಡ್ಡತನವೂ ಹೌದು. ಹೆದರಿಕೆಯೂ ಹೌದು ಎಂದು ನಿನ್ನೆ ಗೊತ್ತಾಯಿತು.

ಎಷ್ಟೋ ವರ್ಷದ ಮೇಲೆ ಸುಫಿ ಅಣ್ಣ ಅಸಲಿ ಪುಸ್ತಕ ತರಿಸಿದ. ಆಗಲೇ ನಾವು ಟೀ ಅಂಗಡಿ ಬಿಟ್ಟು ನನ್ನ ಹಲ್ಲಿನ ಕೆಲಸದ ಕೋಣೆಗೆ ಬಂದಾಗಿತ್ತು, ಗಾರೆಯ ದವಡೆಗಳನ್ನು ಬಂಡೆಗ್ರಹಗಳೆಂದು ಮೇಜಿನ ಮೇಲೆ ಇಟ್ಟು ಆಡುತ್ತಿದ್ದೆವು. ಕಳೆದ ಪುಟವನ್ನು ಅವನು ಕನ್ನಡಕ ಏರಿಸಿ ಜೋರಾಗಿ ಓದಿದ: ಎದ್ದವರಿಗೆ ಸ್ವಲ್ಪ ವಾಕರಿಕೆ, ಒಂದು ದಿನ ಸುಸ್ತು, ಆಮೇಲೆ ಏನೂ ಇಲ್ಲ. ಅಷ್ಟೇ. ಎಲ್ಲರ ಮುಖ ಹುಳ್ಳಗಾಯಿತು. ನೀನು ಮಾತ್ರ, ‘ಇದನ್ನ ಬರ್ದೋನು ಯಾವತ್ತೂ ಪೆಟ್ಟಿಗೇಲಿ ಮಲಗಿಲ್ಲ’ ಎಂದು ತೀರ್ಮಾನ ಕೊಟ್ಟೆ. ಆ ಪುಟವನ್ನು ನಾವು ಒಪ್ಪಲಿಲ್ಲ. ಈಗ ಆಸ್ಪತ್ರೆಯವರು ನಿನಗೆ ಕೊಟ್ಟ ಕಾಗದದಲ್ಲೂ ಹಾಗೇ ಇದೆ ನೋಡು, ವಾಕರಿಕೆ, ಸುಸ್ತು, ಕೆಲವು ದಿನ ಗೊಂದಲ. ಅದನ್ನು ಬರೆದವರ ಮೇಲೂ ನಿನಗೆ ಅದೇ ಅನುಮಾನ.

ಅದಕ್ಕೆ ಕಾರಣ ಪುಸ್ತಕವಲ್ಲ, ನಾನೂ ಅಲ್ಲ. ನಿನ್ನ ಅಪ್ಪ.

ನಾವು ರುಷ್ತು ಚಿಕ್ಕಪ್ಪ ಎನ್ನುತ್ತಿದ್ದ ಅವರ ಆಪರೇಷನ್ ಆದದ್ದು ಆಟ ಶುರುವಾದ ಮುಂದಿನ ಚಳಿಗಾಲದಲ್ಲಿ. ನೀನು ಒಂದು ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರ ಬಂದು ಬೀಜ ಬಿಡಿಸುತ್ತಾ ಆ ಮರ್ಯಾದೆಯ ಮಾತು ಹೇಳಿದೆ. ಆಸ್ಪತ್ರೆಯಲ್ಲಿ ನಡೆದದ್ದನ್ನು ನೀನು ನಮಗೆ ಹೇಳಿದ್ದು ವರ್ಷಗಳಾದ ಮೇಲೆ, ಅದೂ ನಗೆಚಾಟಿಕೆಯಾಗಿ. ಕಣ್ಣು ಬಿಟ್ಟ ಅಪ್ಪ, ಹುಟ್ಟಿದಾಗಿನಿಂದ ನಿನ್ನನ್ನು ‘ಏಯ್ ಕತ್ತೆ’ ಎಂದು ಕರೆಯುತ್ತಿದ್ದ ಅಪ್ಪ, ‘ತಾವು ನಿಂತೇ ಇದ್ದೀರಲ್ಲ, ದಯವಿಟ್ಟು ಕೂತ್ಕೊಳ್ಳಿ’ ಎಂದರಂತೆ. ಹಾಗೇ ಎಷ್ಟೋ ದಿನ. ಆಮೇಲೆ ‘ನೀನು’ ವಾಪಸ್ ಬಂತು, ಆದರೆ ಕತ್ತೆ ಬರಲಿಲ್ಲ. ಬೆಕ್ಕು ಕಂಡರೆ ಚಪ್ಪಲಿ ಎಸೆಯುತ್ತಿದ್ದವರು ಜೆಬೆಜಿ ಬಡಾವಣೆಯ ಬೀದಿಬೆಕ್ಕುಗಳಿಗೆಲ್ಲ ಮನೆಯಿಂದ ಮಾಂಸದ ಚೂರು ಒಯ್ಯತೊಡಗಿದರು. ‘ಒಳ್ಳೆ ಮನುಷ್ಯಾನೇ ಪಾಪ. ಆದ್ರೆ ನಮ್ಮಪ್ಪ ಅಲ್ಲ’ ಎಂದು ನೀನು ನಕ್ಕೆ. ನಾವೂ ನಕ್ಕೆವು. ನೀನು ನಗುತ್ತಿರಲಿಲ್ಲ ಎಂದು ಆಗ ಹೊಳೆಯಲಿಲ್ಲ.

ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು. ಆ ಬೆಕ್ಕಿನ ಮನುಷ್ಯ ನಿಮ್ಮ ಮನೆಯಲ್ಲಿ ಮತ್ತೆ ಎಷ್ಟು ವರ್ಷ ಬದುಕಿದ! ನಿನ್ನ ಜೊತೆ ಕೂತು ಹುರುಳಿಕಾಯಿಯ ನಾರು ತೆಗೆದ, ನಿನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗೆ ರಬ್ಬರ್ ಬ್ಯಾಂಡ್ ಹಾಕಿಕೊಟ್ಟ. ಅವನು ಸತ್ತ ದಿನ ನೀನು ಯಾರಿಗಾಗಿ ಅತ್ತೆ? ಹಿಂದಿನವನಿಗೋ, ಇವನಿಗೋ? ನಾನು ಪಕ್ಕದಲ್ಲೇ ನಿಂತಿದ್ದೆ ಕಣೇ. ಅಪ್ಪಾ ಎಂದೇ ಕೂಗಿದೆ. ಒಂದು ಹನಿ ಕಣ್ಣೀರನ್ನೂ ಕಡಿಮೆ ಮಾಡಲಿಲ್ಲ ನೀನು.

ಇನ್ನು ನೆಜಾತ್. ಸ್ವಲ್ಪ ಕಷ್ಟದ ವಿಷಯ, ಅವನೂ ಇದನ್ನು ಬರೆ ಎಂದು ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. ಅವನು ಕಡ್ಡಾಯದ ಸೈನ್ಯ ಸೇವೆಗೆ ಹೋಗುವ ಮುಂಚಿನ ಶನಿವಾರ ನಿಮ್ಮಿಬ್ಬರಿಗೂ ಮಂಜುಗಡ್ಡೆಯ ಮೇಲೆ ಜಗಳ. ಹಡಗಿನಲ್ಲಿದ್ದ ಮಂಜನ್ನು ಬಾಯಾರಿದ ಗಣಿಯವರಿಗೆ ಮಾರಬೇಕೆಂದು ಅವನು, ಸುಮ್ಮನೆ ಕೊಡಬೇಕೆಂದು ನೀನು. ‘ದಾನಶೂರೆ ಬಂದ್ಲು’ ಎಂದು ಅವನು, ‘ಕಳ್ಳ ನನ್ಮಗನೇ’ ಎಂದು ನೀನು. ಪದ್ಧತಿಯಂತೆ ಅರ್ಧಕ್ಕೆ ಬಿಟ್ಟೆವು. ಹೋದ. ಪೂರ್ವದ ಗಡಿಯ ಕಡೆ ಹಾಕಿದರು. ವಾಪಸ್ ಬಂದವನು ಬಾಗಿಲಲ್ಲಿ ನಿಂತು ಎಲ್ಲರಿಗೂ ನಮಸ್ಕಾರ ಹೇಳಿದ. ನಾವು ಸಡಗರದಿಂದ ಕೂರಿಸಿದೆವು. ನೀನು ತಡೆಯಲಾರದೆ, ‘ಏನೋ ಕಳ್ಳಾ, ಮಂಜು ಮಾರಿದ್ಯಾ?’ ಎಂದು ಕೆಣಕಿದೆ.

‘ನೀವು ಹೇಳಿದ್ದೇ ಸರಿ ಇರ್ಬೇಕು ಅಕ್ಕಾ’ ಎಂದ.

ಸುಫಿ ಅಣ್ಣ ಕಿವಿ ಎಳೆದುಕೊಂಡು ಮೇಜು ಕುಟ್ಟಿದ್ದು ನನ್ನ ಕಣ್ಣ ಮುಂದಿದೆ. ತಮಾಷೆಗಲ್ಲ. ನಾನು ಆಟ ನಡೆಸುವವಳು, ಲೆಕ್ಕದವಳು, ನನ್ನ ಕೈಯೂ ಮೇಜು ಕುಟ್ಟಲು ಹೋಯಿತು. ನಮ್ಮ ನೆಜಾತ್ ಜೀವಮಾನದಲ್ಲಿ ಯಾರಿಗೂ ‘ನೀವೇ ಸರಿ’ ಎಂದವನಲ್ಲ. ಅವನ ಹಳೆಯ ಮಾತುಗಳನ್ನು ನೆನಪಿಸಿ, ಅಲ್ಲಾಡಿಸಿ, ಹಳಬನನ್ನು ಎಳೆದು ತರೋಣವೆಂದು ನಾನು ಬಾಯಿ ತೆಗೆದೆ. ನೀನು ಮೇಜಿನ ಕೆಳಗೆ ನನ್ನ ಕಾಲು ತುಳಿದೆ. ಆಮೇಲೆ ಟೀ ಲೋಟವನ್ನು ಅವನ ಕಡೆ ಸರಿಸಿ, ಹೊಸಬರನ್ನು ಕೇಳುವ ಹಾಗೆ, ‘ಎಷ್ಟು ಸಕ್ಕರೆ ಹಾಕ್ಲಪ್ಪಾ?’ ಎಂದು ಕೇಳಿದೆ.

ಮೂರು ಸಕ್ಕರೆಯ ನೆಜಾತ್ ‘ಬೇಡ ಅಕ್ಕಾ’ ಎಂದ. ನೀನು ಸರಿ ಎಂದು ಡಬ್ಬಿ ಮುಚ್ಚಿದೆ. ಒಂದು ಖಾಲಿ ಹಾಳೆ ಎಳೆದು ಅವನ ಮುಂದೆ ಇಟ್ಟೆ. ‘ಹಳೇ ವ್ಯಾಪಾರಿ ಮಲಗಿರ್ಲಿ ಬಿಡು. ನೀನು ಹೊಸಬ, ಹೊಸ ಪಾತ್ರ ಮಾಡ್ಕೋ. ಏನಾಗ್ತೀಯ?’ ಅವನು ಪೆನ್ಸಿಲ್ ತಿರುಗಿಸಿ, ‘ಅಡುಗೆಯೋನು’ ಎಂದ. ಆ ದಿನ ಲೋದೋಸ್ ಹಡಗಿಗೆ ಅಡುಗೆಯವನು ಬಂದ. ಹೆಚ್ಚು ಮಾತಿಲ್ಲ, ಆದರೆ ಹಡಗಿನವರೆಲ್ಲ ಊಟ ಮಾಡಿದರೋ ಇಲ್ಲವೋ ಎಂದು ಪ್ರತಿ ಸರದಿಯಲ್ಲೂ ಕೇಳುವವನು. ಈಗಲೂ ಅವನೇ ಇದ್ದಾನೆ. ಹಳೆಯ ವ್ಯಾಪಾರಿ ಮತ್ತೆ ಏಳಲಿಲ್ಲ, ನಾವು ಎಬ್ಬಿಸಲೂ ಇಲ್ಲ. ‘ಅವತ್ತು ಹಳಬನನ್ನ ಹುಡುಕಿದ್ದಿದ್ರೆ ನಾನು ಎದ್ದು ಹೋಗ್ಬಿಡ್ತಿದ್ದೆ, ಮತ್ತೆ ಬರ್ತಾ ಇರ್ಲಿಲ್ಲ’ ಎಂದು ನೆಜಾತ್ ನಿನ್ನೆ ಹೇಳಿದ. ನಿನಗೆ ಹೇಳು ಎಂದೂ ಹೇಳಿದ.

ಹಾಗಾದರೆ ಕೇಳು, ತೀರ್ಪು. ಬದಲಿ ನಿಜ.

ಸುಳ್ಳು ಎಂದು ಬರೆದರೆ ನೀನು ನೆಮ್ಮದಿಯಾಗಿ ಆಸ್ಪತ್ರೆಗೆ ಹೋಗುತ್ತೀಯ ಎಂದು ಸುಫಿ ಅಣ್ಣ ಬೇಡಿಕೊಂಡ. ನಾನು ದಾಳದ ವಿಷಯದಲ್ಲಿ ನಿಮಗೆ ಯಾವತ್ತೂ ಸುಳ್ಳು ಹೇಳಿದವಳಲ್ಲ, ಈಗಲೂ ಹೇಳುವುದಿಲ್ಲ. ಹೋದವರು ಹೋದ ಹಾಗೇ ವಾಪಸ್ ಬರುವುದಿಲ್ಲ, ಅದನ್ನು ನಾನು ನೋಡಿದ್ದೇನೆ. ಎಷ್ಟು ಬದಲಾಗುತ್ತಾರೋ ಅದು ಯಾರ ಕೈಯಲ್ಲೂ ಇಲ್ಲ. ಆದರೆ ಬದಲಿ ಬಂದರೆ ಮೇಜಿನವರು ಏನು ಮಾಡಬೇಕು ಎಂಬ ತೀರ್ಪು ನನ್ನದಲ್ಲ, ಅದನ್ನು ನೀನು ನೆಜಾತ್ ಮುಂದೆ ಖಾಲಿ ಹಾಳೆ ಇಟ್ಟ ದಿನವೇ ಕೊಟ್ಟಾಯಿತು. ಗುರುವಾರ ಕಳೆದು ನೀನು ಕಣ್ಣು ಬಿಟ್ಟಾಗ, ‘ತಾವು ಯಾರು, ದಯವಿಟ್ಟು ಕೂತ್ಕೊಳ್ಳಿ’ ಎಂದರೆ ನಾನು ಕೂರುತ್ತೇನೆ. ನಿನ್ನ ಹೆಸರು ಏನು, ಏನು ಇಷ್ಟ, ಏನು ಕಷ್ಟ ಎಂದು ಮೊದಲಿನಿಂದ ಕೇಳಿಕೊಳ್ಳುತ್ತೇನೆ. ನನಗೇನು ತುರ್ತಿಲ್ಲ. ಅವಳಿಗೆ ಬೆಕ್ಕು ಬೇಕಾದರೆ ಬೆಕ್ಕು ತರುತ್ತೇವೆ. ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಬರುವ ಒಬ್ಬಳು ಬೆರ್ರಿನ್ ನನಗೆ ಬೇಕು. ಅವಳು ಯಾರಾದರೂ ಆಗಿರಲಿ.

ನನಗೂ ಭಯವಿದೆ. ಯಂತ್ರದ ದಾಳ ಯಂತ್ರದ ದಾಳವೇ, ಡಾಕ್ಟರೂ ಅದನ್ನು ಮುಚ್ಚಿಡಲಿಲ್ಲ. ಆದರೆ ಆಪರೇಷನ್ ಇಲ್ಲದೆ ಉರುಳುವ ದಾಳದಲ್ಲಿ ಒಳ್ಳೆಯ ಮುಖವೇ ಇಲ್ಲವಲ್ಲ ಬೆರ್ರಿನ್. ಗಣಿತದವಳು ನೀನು, ಈ ಲೆಕ್ಕವನ್ನು ನಾನು ಹೇಳಿಕೊಡಬೇಕೇ? ನಿನ್ನನ್ನು ಕಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ಇಷ್ಟು ವರ್ಷದಲ್ಲಿ ಈ ಮಾತನ್ನು ಒಮ್ಮೆಯೂ ಹೇಳಿಲ್ಲ, ಹೇಳುವ ಸಂದರ್ಭ ಬರಲಿಲ್ಲ. ಈಗ ಬಂದಿದೆ.

ತೀರ್ಪು ಮುಗಿಯಿತು. ಇನ್ನು ನನ್ನ ಸಿಟ್ಟು.

ನಿನ್ನೆ ನನಗೆ ಫೋನ್ ಮಾಡುವ ಮೊದಲು ನೀನು ಸುಫಿ ಅಣ್ಣನಿಗೆ ಮಾಡಿದ್ದೆಯಂತೆ. ‘ನಂಗೇನಾದ್ರೂ ಆದ್ರೆ ಜುಹ್ರೆನ ನೀವೇ ಆಡ್ಸಿ, ಹಡಗು ನಿಲ್ಬಾರ್ದು’ ಎಂದೆಯಂತೆ. ಆ ಗುಂಡುಕಲ್ಲಿನಂಥ ಮನುಷ್ಯ ಪಾರ್ಸೆಲ್ ಕೋಣೆಯಲ್ಲಿ ಪೆಟ್ಟಿಗೆಗಳ ಮಧ್ಯೆ ನಿಂತು ಮಗುವಿನ ಹಾಗೆ ಅತ್ತಿದ್ದಾನೆ. ಯಾರನ್ನು ಕೇಳಿ ಕೊಟ್ಟೆ? ನನ್ನ ಆಟದಲ್ಲಿ ನನ್ನನ್ನು ಕೇಳದೆ ಪಾತ್ರ ದಾನ ಮಾಡುವುದಕ್ಕೆ ನೀನು ಯಾರೇ? ನೀನಿಲ್ಲದ ಶನಿವಾರ ನಾವು ಮೂವರೂ ಕೂತು, ಟೀ ಕುಡಿದು, ನಿನ್ನ ಪೈಲಟ್ಟಿನ ಬಾಯಲ್ಲಿ ಸುಫಿ ಅಣ್ಣನ ದನಿ ಕೇಳಿಕೊಂಡು ಹಾಯಾಗಿ ಇರುತ್ತೇವೆ ಎಂದುಕೊಂಡೆಯಲ್ಲ! ನಮ್ಮನ್ನು ಅಷ್ಟೇ ತಿಳಿದುಕೊಂಡೆಯಲ್ಲ! ಕಲ್ಲುಹೃದಯದವಳು ನೀನು. ಅದಕ್ಕೇ ಕವಾಟ ಕೆಟ್ಟಿದೆ.

ನನಗೆ ಗೊತ್ತು, ಇದಕ್ಕೆ ನಿನ್ನ ಹತ್ತಿರ ಉತ್ತರವಿದೆ. ನಾಲಿಗೆಯ ತುದಿಯಲ್ಲೇ ಇದೆ. ಅಲ್ಲೇ ಇಟ್ಟುಕೋ. ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ. ಗುರುವಾರ ಬೆಳಗ್ಗೆ ಮೂವರೂ ನಿನ್ನ ಬಾಗಿಲಿಗೆ ಬರುತ್ತೇವೆ. ನೆಜಾತ್ ಕಾರು ತರುತ್ತಾನೆ, ಸುಫಿ ಅಣ್ಣ ನಿನ್ನ ಚೀಲ ಹಿಡಿಯುತ್ತಾನೆ, ನಾನು ಆಸ್ಪತ್ರೆಯವರೆಗೂ ಕಿಟಕಿಯ ಆಚೆ ನೋಡಿಕೊಂಡು ಕೂರುತ್ತೇನೆ. ದಾರಿಯಲ್ಲಿ ಕ್ಷಮೆ ಕೇಳಲು ಬಂದರೆ ನೋಡು.

ಕಾಗದದ ಕೊನೆಗೆ ಎಲ್ಲರೂ ಹರಸುತ್ತಾರೆ. ನಾನು ಹರಸುವುದಿಲ್ಲ, ಹರಸಿದರೆ ರಾಜಿಯಾದ ಹಾಗೆ. ಎದ್ದು ನನ್ನನ್ನು ಬಾಯಿ ತುಂಬಾ ಬೈಯಿ.

ಸಿಟ್ಟು ಇಳಿಯದ,
ತಿಜೆನ್